ಕೊಡ ಸದ್ಯ ಹಾಲಹರವಿಯಲ್ಲಿದೆ

ಈ ಬೆಳಿಗ್ಗೆ ಹಾಲು ಕಾಯಿಸಿ, ಯಜಮಾನರಿಗೆ ತಿಂಡಿಗೆ ಮಂಡಕ್ಕಿ ಉಗ್ಗಾಣಿ ಮಾಡಿಕೊಟ್ಟು, ಅವರ ನಿವೃತ್ತಿಗೆ ಬಂದ ಉಡುಗೊರೆಗಳನ್ನು ಜೋಡಿಸಲು ಕುಳಿತೆ. ಹೊಸ ಸ್ಟೀಲ್ ಡಬ್ಬಿಯೊಂದರ ಚೀಟಿ ಕಿತ್ತರೂ ಅಂಟು ಹೋಗಲಿಲ್ಲ. ಹತ್ತಿಯಲ್ಲಿ ಸ್ಪಿರಿಟ್ ಅದ್ದಿ ಉಜ್ಜಿದೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಪಕ್ಕದ ಮನೆಯ ನರ್ಸಮ್ಮ ಬಂದು ಎದುರಿಗೆ ನಿಂತಂತಾಯಿತು. ಅವರ ಸೆರಗಿನಲ್ಲಿ, ಕೈಚೀಲದಲ್ಲಿ, ನಮಗೆ ಕೊಡುತ್ತಿದ್ದ ಸಾರಿನ ಬಟ್ಟಲಿನಲ್ಲಿ ಕೂಡ ಅದೇ ವಾಸನೆ ಇರುತ್ತಿತ್ತು...

ಆದೋನಿಯಲ್ಲಿ ನಮ್ಮ ಗೋಡೆಗೆ ಅಂಟಿದ ಸಣ್ಣ ಬಾಡಿಗೆ ಮನೆ ಅವರದು. ಚಿಕ್ಕ ವಯಸ್ಸಿಗೇ ಗಂಡ ತೀರಿಕೊಂಡಿದ್ದರು; ಮಕ್ಕಳಿರಲಿಲ್ಲ. ದಿನಾ ಬಸ್ಸು ಹತ್ತಿ ಪೆದ್ದಕಡುಬೂರು ಕಡೆಯ ಹಳ್ಳಿಗಳಿಗೆ ಹೋಗಿ ಹೆರಿಗೆ, ಸೂಜಿ ಎಂದು ಓಡಾಡುತ್ತಿದ್ದರು. ಅವರು ರಿಟೈರ್ ಆದ ದಿನ ಆ ಹಳ್ಳಿಗಳ ಹೆಂಗಸರು ಬರಿಗೈಲಿ ಬರಲಿಲ್ಲ. ತಾಮ್ರದ ಕೊಡ, ಕೈಯಲ್ಲೇ ಹೊಲಿದ ಕೌದಿ, ಗೋಡೆ ಗಡಿಯಾರ... ಜೊತೆ ಕೆಲಸದವರೆಲ್ಲ ಸೇರಿ ಕೊಟ್ಟದ್ದು ಒಂದು ತೂಗುವ ಕುರ್ಚಿ.

ಬೀಳ್ಕೊಡುಗೆ ಸಭೆ ಮುಗಿಯುವಷ್ಟರಲ್ಲಿ ಅದೆಲ್ಲ ಅವರ ಅಣ್ಣ ತಂದಿದ್ದ ಲಗೇಜ್ ಆಟೋ ಏರಿ ಹಾಲಹರವಿ ದಾರಿ ಹಿಡಿದಿತ್ತು. ಅಣ್ಣ ಹತ್ತಿ ವ್ಯಾಪಾರಿ. ಮನೆ ಹಾಲಹರವಿಯಲ್ಲಿ, ವ್ಯವಹಾರ ಆದೋನಿ ಮಾರ್ಕೆಟ್ಟಿನಲ್ಲಿ. "ಹೆಂಗೂ ಇನ್ನ ನಮ್ಮನ್ಯಾಗ ಇರಾಕಿ ಅಲ್ಲೇನ" ಎಂದರಂತೆ. ತಂಗಿಯನ್ನು ಒಂದು ಮಾತು ಕೇಳಿರಲಿಲ್ಲ. ನರ್ಸಮ್ಮ ಕೊರಳ ಹಾರವನ್ನು ಕೈಯಲ್ಲಿ ಹಿಡಿದು ಬಸ್ಸಿನಲ್ಲಿ ಮನೆಗೆ ಬಂದರು.

ನಾನಾಗ ಕಾನ್ವೆಂಟಿನಲ್ಲಿ ಓದುತ್ತಿದ್ದೆ; ಮದುವೆಯಾದ ಮೇಲೂ ತವರಿನ ಈ ಮನೆಯಲ್ಲೇ ಉಳಿದವಳು. ಮಾರನೆಯ ದಿನ ನಮ್ಮ ಅಡುಗೆಮನೆಯ ಹೊಸ್ತಿಲಿಗೆ ಒರಗಿ ನಿಂತು ಕೇಳಿದರು. "ನಿಮ್ಮ ಕಾನ್ವೆಂಟಿನ್ಯಾಗ ಥ್ಯಾಂಕ್ಸ್ ಕಾಗದ ಬರಿಯಾಕ ಕಲಿಸ್ತಾರಂತಲ್ಲ, ಹೆಂಗ ತಂಗಿ ಅದು?"

ನಮಗೆ ಪಾಠ ಹೇಳುವ ಕಾನ್ವೆಂಟಿನ ಸಿಸ್ಟರ್ ಹೇಳಿಕೊಟ್ಟಿದ್ದನ್ನೇ ಹೇಳಿದೆ. ಕೊಟ್ಟ ವಸ್ತುವಿನ ಹೆಸರು ಬರೆಯಬೇಕು. ಅದನ್ನು ಎಲ್ಲಿಟ್ಟಿದ್ದೇವೆ, ಹೇಗೆ ಬಳಸುತ್ತಿದ್ದೇವೆ ಎಂದು ಎರಡು ಸಾಲು ಸೇರಿಸಬೇಕು.

"ಎಲ್ಲೈತಿ ಅಂತ ಬರಿಬೇಕಾ?" ಅವರ ಕಣ್ಣು ಸಣ್ಣಗಾದವು. "ಹಂಗಾರ ಪೆನ್ನು ತಗೋ. ಸುಳ್ಳು ಬ್ಯಾಡ."

ಬರೆದೆ. "ನೀವು ಕೊಟ್ಟ ತಾಮ್ರದ ಕೊಡ ಬಹಳ ಚೆನ್ನಾಗಿದೆ. ಕೊಡ ಸದ್ಯ ಹಾಲಹರವಿಯಲ್ಲಿ ನನ್ನ ಅಣ್ಣನ ಮನೆಯಲ್ಲಿದೆ. ನಾನು ಆದೋನಿಯಲ್ಲಿ ನನ್ನ ಮನೆಯಲ್ಲೇ ಇರುತ್ತೇನೆ. ಅದು ಇಲ್ಲಿಗೆ ಬಂದ ದಿನ ನೀರು ತುಂಬಿ ನಿಮ್ಮನ್ನು ನೆನೆಯುತ್ತೇನೆ." ಕೌದಿಗೂ ಹಾಗೇ, ಗಡಿಯಾರಕ್ಕೂ ಹಾಗೇ. ತೆಲುಗಿನವರಿಗೆ ತೆಲುಗಿನಲ್ಲಿ.

ನನಗೆ ಅಂಜಿಕೆ. "ನಿಮ್ಮ ಅಣ್ಣಾರಿಗೆ ಬ್ಯಾಸರ ಆಗಂಗಿಲ್ರೀ?" ಎಂದೆ.

"ಬೈದು ಬರದೀಯೇನ? ಥ್ಯಾಂಕ್ಸೇ ಅಲ್ಲೇನ ಬರದಿರಾದು!" ಎಂದು ಸಹಿ ಹಾಕಿದರು, ದೊಡ್ಡದಾಗಿ. ತಾವೇ ಅದೇ ಬಸ್ಸು ಹತ್ತಿ ಮನೆಮನೆಗೆ ಹಂಚಿ ಬಂದರು.

ಹತ್ತಿ ಮಾರ್ಕೆಟ್ಟಿಗೆ ಬರುವ ಕಾಲ. ಆ ಹಳ್ಳಿಗಳ ಮಂದಿ ಅವರ ಅಣ್ಣನನ್ನು ಕಂಡಾಗಲೆಲ್ಲ, "ಸಾವ್ಕಾರ್ರೆ, ನಮ್ಮ ನರ್ಸಮ್ಮನ ಕೊಡ ಇನ್ನೂ ನಿಮ್ಮನ್ಯಾಗೇ ಐತೇನ್ರಿ?" ಎಂದು ಕೇಳಿದರಂತೆ. ಒಬ್ಬಾಕೆಯಂತೂ ತೂಕದ ಕಾಟಾ ಮುಂದೆಯೇ ನಿಂತು, "ಕೌದಿಗೆ ನಮ್ಮತ್ತಿ ಮದುವಿ ಸೀರಿ ಹಾಕೀನ್ರಿ, ನೀವು ಹೊದ್ದಕಬ್ಯಾಡ್ರಿ ಮತ್ತ" ಎಂದಳಂತೆ.

ಒಂದು ಮಧ್ಯಾಹ್ನ ಅದೇ ಆಟೋ ನಮ್ಮ ಓಣಿಗೆ ಬಂತು. ಸಾಮಾನು ಇಳಿಸುತ್ತಿದ್ದ ಅಣ್ಣನ ಮುಖ ಕೆಂಪಾಗಿತ್ತು. "ಮಾರ್ಕೆಟ್ಟಿನ್ಯಾಗ ಮಾನ ಕಳದಿಯಲ್ಲ ನೀನು! ಒಬ್ಬಾಕಿ ಇದ್ದು ಏನ್ ಸಾಧಿಸ್ತಿ?"

"ಏನೂ ಇಲ್ಲಣ್ಣ. ನನ್ನ ಮನಿ ಬೀಗ ನನ್ನ ಕೈಯಾಗ ಇರ್ತೈತಿ, ಅಷ್ಟ. ನೀ ಯಾವಾಗ ಬಂದ್ರೂ ಬಾಗಿಲು ತೆಗಿತೀನಿ. ಕೂಡು."

ಕೊಡ ತೊಳೆದು, ನೀರು ತುಂಬಿ, ಮೊದಲ ಲೋಟ ಅಣ್ಣನಿಗೇ ಕೊಟ್ಟರು. ಅವರು ಚಪ್ಪಲಿ ಬಿಟ್ಟು ಕೂತರು. ಆಮೇಲೆ ಕುಡಿದರು.

ಕುರ್ಚಿ ಮಾತ್ರ ಬರಲಿಲ್ಲ. ಅತ್ತಿಗೆಗೆ ಅದರಲ್ಲಿ ಕೂತು ರೂಢಿಯಾಗಿಬಿಟ್ಟಿತ್ತಂತೆ. "ಆಕಿಗೂ ಒಂದು ಥ್ಯಾಂಕ್ಸ್ ಬರಿ ತಂಗಿ" ಎಂದು ನರ್ಸಮ್ಮ ನಕ್ಕರು. "ನಾ ಹಬ್ಬಕ್ಕ ಬಂದಾಗ ಎದ್ದು ಜಾಗ ಬಿಡು ಅಂತ."

ಆಮೇಲೆ ಬಹಳ ವರ್ಷ ಅಲ್ಲೇ ಇದ್ದರು. ಹಾಸಿಗೆ ಹಿಡಿದಾಗಲೂ ಅಣ್ಣನೇ ಬಂದು ಆ ಸಣ್ಣ ಕೋಣೆಯಲ್ಲಿ ಕೂರುತ್ತಿದ್ದರು, ಇವರು ಕದಲಲಿಲ್ಲ. ಹೋದದ್ದೂ ಅಲ್ಲಿಂದಲೇ. ಗೋಡೆಯ ಆ ಕಡೆಯಿಂದ ಕೆಮ್ಮು ಕೇಳಿಸದ ಮೊದಲ ಬೆಳಿಗ್ಗೆ, ನಾನು ಒಲೆ ಹಚ್ಚದೆ ಸುಮ್ಮನೆ ಕಿವಿಗೊಟ್ಟು...

"ಈಗ ಯಾರು ಬರೀತಾರ? ವಾಟ್ಸಪ್ಪಿನ್ಯಾಗ ಒಂದು ನಮಸ್ಕಾರ ಹಾಕಿದ್ರ ಮುಗೀತು" ಎಂದರು ನಮ್ಮ ಯಜಮಾನರು, ನಾನು ಡಬ್ಬಿ ಬದಿಗಿಟ್ಟು ಥ್ಯಾಂಕ್ಸ್ ಬರೆಯಲು ಕಾಗದ ತೆಗೆದದ್ದು ನೋಡಿ.

"ನೀವು ಹಾಕ್ರಿ. ನಾ ಬರೀತೀನಿ" ಎಂದೆ. ಮಧ್ಯಾಹ್ನವೆಲ್ಲ ಬರೆದೆ. ಕೆಳಗೆ ಯಜಮಾನರ ಹೆಸರಿನ ಪಕ್ಕ ನನ್ನ ಹೆಸರನ್ನೂ ಬರೆದೆ.

ಸಂಜೆ ಕರಿಬೇವಿಗೆಂದು ಪಕ್ಕದ ಹುಡುಗಿ ಬಂದಳು. ಮದುವೆಯಾಗಿ ಮೊನ್ನೆ ಮೊನ್ನೆ ಆ ಮನೆಗೆ ಬಾಡಿಗೆಗೆ ಬಂದವಳು, ನರ್ಸಮ್ಮನನ್ನು ಕಂಡವಳಲ್ಲ. ಎಲೆ ಕೀಳುತ್ತ ಅಂದಳು: "ಏನಕ್ಕಾ ಇದು, ಬಾಡಿಗಿ ಕಟ್ಟೋರು ನಾವು. ಗ್ಯಾಸಿನವನಿಗೂ ಹಾಲಿನವನಿಗೂ 'ನರ್ಸಮ್ಮನ ಮನಿ' ಅಂದ್ರೇನೇ ತಿಳೀತೈತಿ ನೋಡ್ರಿ."