ನೆಮ್ಮದಿ ಬಾರೋ

ನಲವತ್ತು ವರ್ಷ ಊರಿನ ಬೋರ್ಡುಗಳನ್ನೆಲ್ಲ ಬರೆದವನು ಪೇಂಟರ್. ಶಾಲೆಯದ್ದು, ದವಾಖಾನೆಯದ್ದು, ಹನ್ನೊಂದು ಬಾರುಗಳದ್ದು. ಒತ್ತು, ದೀರ್ಘ ಯಾವುದರಲ್ಲೂ ಕೂದಲೆಳೆಯಷ್ಟು ತಪ್ಪಿಲ್ಲ. ಆದರೆ ಜನರ ಬಾಯಲ್ಲಿ ಉಳಿದದ್ದು ಒಂದೇ ಬೋರ್ಡು. ‘ನೆಮ್ಮದಿ ಬಾರ್’ ಎಂದು ಬರೆಯಬೇಕಾದಲ್ಲಿ ‘ನೆಮ್ಮದಿ ಬಾರೋ’ ಎಂದು ಬರೆದುಬಿಟ್ಟಿದ್ದ.

ಹದಿನೈದು ದಿನ ಕಳೆದು ತಿದ್ದಲು ಏಣಿ ಹೊತ್ತು ಹೋದರೆ ಮಾಲೀಕ ಕೈಮುಗಿದ. “ಮುಟ್ಬೇಡ ಪುಣ್ಯಾತ್ಮ! ಬೋರ್ಡೇ ಕರೀತಿದೆ, ಹೋಗ್ದೆ ಇರೋಕಾಗುತ್ತಾ ಅಂತ ಜನ ನುಗ್ತಿದಾರೆ.” ಅಂದಿನಿಂದ ಎದುರು ಸಿಕ್ಕವರೆಲ್ಲ “ಬಾರೋ ಪೇಂಟರ್” ಎನ್ನುವವರೇ. ಗಾಯದ ಮೇಲೆ ಬರೆ.

ಈಗ ಬಾರು ಮುಚ್ಚಿದೆ. ಹಳೇ ಬಾರ್ ಬೋರ್ಡುಗಳನ್ನು ಗೋಡೆಗೆ ತೂಗುಹಾಕುವ ಕಾಫಿ ಅಂಗಡಿಯವಳೊಬ್ಬಳು ಅದನ್ನು ಕೊಂಡು, ಬಣ್ಣಕ್ಕೆ ಹೊಳಪು ಕೊಡಿಸಲು ಇವನ ಮನೆಗೇ ತಂದಳು.

“ಆ ‘ರೋ’ ತಿದ್ದಿಯೇ ಕೊಡೋದು,” ಎಂದ ಪೇಂಟರ್.

“ಅಯ್ಯೋ, ಅದಕ್ಕೇ ಅಲ್ವಾ ತಗೊಂಡಿದ್ದು!”

“ಲಕ್ಷ ಅಕ್ಷರ ಸರಿಯಾಗಿ ಬರೆದಿದೀನಮ್ಮ. ಅದನ್ನ ಯಾವನೂ ತೂಗುಹಾಕಲ್ಲ. ನಾನು ಸತ್ತ ಮೇಲೂ ಈ ಒಂದು ತಪ್ಪೇ ನೇತಾಡ್ಬೇಕಾ?”

ಜಗ್ಗಾಟ ಮಧ್ಯಾಹ್ನದವರೆಗೂ ನಡೆಯಿತು. ಕೊನೆಗೆ ಅವಳೇ ಸೋತಳು. “ಏನಾದ್ರೂ ಮಾಡ್ಕೊಳ್ಳಿ. ಸಂಜೆ ಬರ್ತೀನಿ.”

ಗೆದ್ದ ಉಮೇದಿನಲ್ಲಿ ಪೇಂಟರ್ ತಪ್ಪು ಮುಚ್ಚಲು ಹಿನ್ನೆಲೆಯ ಹಸಿರು ಕಲಸಿದ. ಬೋರ್ಡು ಹಿಡಿದುಕೊಂಡ ಮಗಳು ಕೇಳಿದಳು, “ಅಲ್ಲಪ್ಪಾ, ನಿದ್ದೇಲಿ ಬರೆದ್ರೂ ತಪ್ಪೋನಲ್ಲ ನೀನು. ಅವತ್ತೇನಾಗಿತ್ತು?”

ಇಷ್ಟು ವರ್ಷದಲ್ಲಿ ಯಾರೂ ಅದನ್ನು ಕೇಳಿರಲಿಲ್ಲ. ನಕ್ಕು ಹೋಗಿದ್ದರು, ಅಷ್ಟೆ.

“ಏಣಿ ಮೇಲಿದ್ದೆ. ಅಣ್ಣ ಕೆಳಗಿಂದ ಕೂಗ್ತಿದ್ದ, ‘ಬಾರೋ, ಅಮ್ಮ ಕರೀತಿದಾಳೆ, ಬಾರೋ’ ಅಂತ. ಒಂದೇ ಅಕ್ಷರ ಬಾಕಿ, ಮುಗಿಸಿ ಬಂದೆ ಅಂದೆ. ಅವನು ಕೂಗಿದ್ದೇ ಕೈಗೆ ಬಂತು.”

“ಆಮೇಲೆ?”

“ಆಮೇಲೇನು? ಮನೆ ಮುಟ್ಟೋಷ್ಟರಲ್ಲಿ ಅಮ್ಮ ಇರ್ಲಿಲ್ಲ.”

ಕುಂಚ ‘ರೋ’ ಹತ್ತಿರ ಹೋಗಿ ನಿಂತಿತು. ಹಸಿರು ಬಣ್ಣ ತೊಟ್ಟಿಕ್ಕಿ ಅವನ ಮೊಣಕಾಲ ಮೇಲೆ ಬಿತ್ತು. ಸಿಟ್ಟು ನೆತ್ತಿಗೇರಿತ್ತು, ಯಾರ ಮೇಲೆ ಎಂದು ಅವನಿಗೇ ತಿಳಿಯಲಿಲ್ಲ.

“ತಿದ್ದಪ್ಪಾ, ಒಣಗ್ಬೇಕಲ್ಲ.”

“ಸುಮ್ನಿರೇ!” ಎಂದು ಗದರಿದ. ಹಸಿರಿನ ಡಬ್ಬಿ ಮುಚ್ಚಿ ಕೆಂಪಿನದ್ದು ತೆರೆದ. ಮಾಸಿದ ‘ರೋ’ ಮೇಲೆಯೇ ಮತ್ತೆ ಎಳೆದ, ದೀರ್ಘವನ್ನೂ ಬಿಡದೆ.

“ಅವತ್ತು ಕರೆದಾಗ ಹೋಗ್ಲಿಲ್ಲ,” ಎಂದ. “ಈಗ ಆ ಕರೆದದ್ದನ್ನೂ ಅಳಿಸಿ ಹಾಕ್ಲಾ?”