ಲೋಲಾಕ್ಷಿ ಫೇಲ್ ಮಾಡಿದ ಜಲ್ಲಿ

ಕಾರ್ಕಳದ ಲೋಲಾಕ್ಷಿ ಹತ್ತೊಂಬತ್ತು ವರ್ಷದಿಂದ ಅಬುಧಾಬಿಯಲ್ಲಿ ಕಲ್ಲು ನೋಡುತ್ತಿದ್ದಾಳೆ. ಬನಿಯಾಸ್‌ನ ಮನೆಯಿಂದ ಬೆಳಿಗ್ಗೆ ಹೊರಟು ಲ್ಯಾಬ್ ಸೇರಿದರೆ, ರಸ್ತೆಗೆ ಹಾಕುವ ಜಲ್ಲಿಯನ್ನು ತೊಳೆಯುವುದು, ಜರಡಿ ಹಿಡಿಯುವುದು, ಕಬ್ಬಿಣದ ಗುಂಡುಗಳ ಜೊತೆ ಡ್ರಮ್ಮಿನಲ್ಲಿ ತಿರುಗಿಸಿ ಎಷ್ಟು ಪುಡಿಯಾಯಿತೆಂದು ತೂಗುವುದು. ಇದಕ್ಕೆ ಸಂಬಳ ಕೊಡುತ್ತಾರೆಂದು ಊರಿನಲ್ಲಿ ಯಾರೂ ನಂಬದ ಕಾರಣ, ಸೊಸೆ ಬ್ಯಾಂಕಿನಲ್ಲಿದ್ದಾಳೆ ಎಂದು ಅತ್ತೆ ಹೇಳಿಬಿಟ್ಟಿದ್ದರು.

ಒಂದು ಮಾರ್ಚಿನಲ್ಲಿ, ಗೋದಾಮುಗಳಿಗೆ ಹೋಗುವ ರಸ್ತೆಗೆಂದು ಹೊಸ ಕ್ವಾರಿಯ ಜಲ್ಲಿ ಬಂತು. ಗಟ್ಟಿ ಕಲ್ಲೇ. ಆದರೆ ಒಂದೊಂದನ್ನೇ ಕೈಯಲ್ಲಿ ಹಿಡಿದು ಅಳೆದಾಗ, ಮೂರರಲ್ಲೊಂದು ಬಿಸ್ಕತ್ತಿನ ಹಾಗೆ ಚಪ್ಪಟೆ. ಲೋಲಾಕ್ಷಿ ಫೇಲ್ ಎಂದು ಬರೆದಳು.

ಗುತ್ತಿಗೆದಾರರ ಎಂಜಿನಿಯರ್ ಎಲ್ರಾಯ್, ಮಂಗಳೂರಿನವನು, ತಾನೇ ಬಂದ.

"ಲೋಲಕ್ಕಾ, ಕಲ್ಲು ಗಟ್ಟಿ ಉಂಟಲ್ಲ? ಮತ್ತೆಂತ?"

"ಗಟ್ಟಿ ಉಂಟು ಮಾರಾಯ. ಆದ್ರೆ ಚಪ್ಪಟೆ. ಲಾರಿ ಹೋಗುವಾಗ ಮುರೀತದೆ. ಮುರಿದ ಜಾಗದಲ್ಲಿ ಡಾಂಬರು ಇರುದಿಲ್ಲ, ಕಲ್ಲು ಬಿಟ್ಟುಕೊಳ್ತದೆ."

"ಮೇಲೆ ಡಾಂಬರು ಬಿದ್ದ ಮೇಲೆ ಯಾರಿಗೆ ಕಾಣ್ತದೆ ಅಕ್ಕಾ?"

"ಲಾರಿಗೆ."

ಎಲ್ರಾಯ್ ಲ್ಯಾಬ್ ಮ್ಯಾನೇಜರರ ಕೋಣೆಗೆ ಹೋದ. ಎರಡು ದಿನದಲ್ಲಿ, ಅದೇ ಜಲ್ಲಿಯಲ್ಲಿ ಚಪ್ಪಟೆ ಕಲ್ಲು ಬಿಟ್ಟು ಕೈಯಿಂದ ಆರಿಸಿ ತಂದ ಇನ್ನೊಂದು ಚೀಲಕ್ಕೆ ಬೇರೆಯವರು ಪಾಸ್ ಎಂದು ಸಹಿ ಹಾಕಿದರು. ಲೋಲಾಕ್ಷಿಯನ್ನು ಕಾಂಕ್ರೀಟ್ ವಿಭಾಗಕ್ಕೆ ಹಾಕಿದರು. "ಖಲಾಸ್, ಇನ್ನು ಕಲ್ಲಿನ ಚಿಂತೆ ನಿಮಗೆ ಬೇಡ," ಎಂದರು ಮ್ಯಾನೇಜರ್. ಅವಳು ಚಾ ಮಾಡುವ ಪ್ಯಾಂಟ್ರಿಯಲ್ಲಿ ನಿಂತು ಹತ್ತು ನಿಮಿಷ ಅತ್ತಳು. ಮುಖ ತೊಳೆದು ಹೋಗಿ, ಸಂಜೆಯವರೆಗೆ ಕಾಂಕ್ರೀಟ್ ತುಂಡುಗಳನ್ನು, ಎಷ್ಟು ಭಾರ ತಡೆಯುತ್ತವೆಂದು ನೋಡಲು, ಯಂತ್ರದಲ್ಲಿಟ್ಟು ಒಡೆದಳು. ಐದು ತಿಂಗಳು ಒಡೆದಳು.

ಆಗಸ್ಟಿನ ಬಿಸಿಲಿಗೆ, ಲಾರಿಗಳು ಬ್ರೇಕ್ ಹಾಕುವ ಸಿಗ್ನಲ್ ಹತ್ತಿರ ಆ ಜಲ್ಲಿ ಹಾಕಿದ ಹೊಸ ರಸ್ತೆ ಕುಸಿದು, ಚಕ್ರದ ಜಾಡಿನಲ್ಲಿ ಎರಡು ಕಾಲುವೆಗಳಾದವು. ಆಮೇಲೆ ಜಲ್ಲಿ ಏಳತೊಡಗಿತು. ರಸ್ತೆಯ ಮಾಲೀಕರು ಲ್ಯಾಬಿನ ಕಡತ ಕೇಳಿದರು. ಲೋಲಾಕ್ಷಿಯ ಮೊದಲ ವರದಿ ಅದರಲ್ಲೇ ಇತ್ತು. ತೆಗೆಯಲು ಯಾರಿಗೂ ನೆನಪಾಗಿರಲಿಲ್ಲ. ರಸ್ತೆಯನ್ನು ಕೊರೆದು ತೆಗೆದ ತುಂಡಿನಿಂದ ಡಾಂಬರು ತೊಳೆದರೆ, ಒಳಗೆ ಮುರಿದ ಚಪ್ಪಟೆ ಕಲ್ಲುಗಳು.

"ಸೋಮವಾರದಿಂದ ನಿಮ್ಮ ವಿಭಾಗಕ್ಕೇ ಬನ್ನಿ," ಎಂದರು ಮ್ಯಾನೇಜರ್.

ರಸ್ತೆಯನ್ನು ಪೂರ್ತಿ ಕಿತ್ತು ಹಾಕಬೇಕಾಯಿತು. ಬೇರೆ ಕ್ವಾರಿಯ ಜಲ್ಲಿ ಹಿಡಿದು ಎಲ್ರಾಯ್ ಬಾಗಿಲಲ್ಲಿ ನಿಂತ.

"ನನ್ನಿಂದ ತಪ್ಪಾಯ್ತು ಅಕ್ಕಾ."

ಲೋಲಾಕ್ಷಿ ಐದು ತಿಂಗಳಿಂದ ಹೇಳಬೇಕೆಂದಿದ್ದ ಮಾತುಗಳನ್ನು ಬಿಟ್ಟು, ತಕ್ಕಡಿಯ ಪಕ್ಕ ಜಾಗ ಮಾಡಿದಳು.

"ಚೀಲ ಅಲ್ಲಿಡು. ಚಾ ಕುಡೀತೀಯಾ?"

ನಾಲ್ಕು ದಿನ ಪರೀಕ್ಷೆ ನಡೆಯಿತು. ಆ ಜಲ್ಲಿ ಪಾಸಾಯಿತು. ಎಲ್ರಾಯ್ ಈ ಬಾರಿ, ಲೋಲಾಕ್ಷಿ ಸಹಿ ಹಾಕಿದ ವರದಿಯನ್ನು ಎರಡು ಸಲ ಓದಿದ.