ಫಾರ್ಮಿನಲ್ಲಿ ಬರೆಯದ ಕಾಯಿಲೆ

ಚಾರಣದ ತಂಡಕ್ಕೆ ಸೇರುವಾಗ ಒಂದು ಫಾರ್ಮ್ ತುಂಬಬೇಕಿತ್ತು. ‘ಆರೋಗ್ಯದ ತೊಂದರೆ ಏನಾದರೂ ಉಂಟೇ?’ ಎಂಬ ಸಾಲಿನ ಮುಂದೆ, ನನ್ನ ಗಂಡನ ಫಾರ್ಮಿನಲ್ಲಿ, ನಾನೇ ‘ಇಲ್ಲ’ ಎಂದು ಬರೆದೆ. ಅವರ ಮರೆವಿನ ಕಾಯಿಲೆಗೆ ಮಣಿಪಾಲದಲ್ಲಿ ಔಷಧಿ ಶುರುವಾಗಿ ಆಗ ಏಳು ತಿಂಗಳು.

ಅವರು ಇಪ್ಪತ್ತಾರು ವರ್ಷ ಗಲ್ಫಿನಲ್ಲಿ ಕ್ರೇನ್ ಓಡಿಸಿದವರು. ನಾನು ಕಲ್ಯಾಣಪುರದ ಹತ್ತಿರ ಶಾಲೆಯಲ್ಲಿ ಟೀಚರ್. ಅವರು ರಜೆಯಲ್ಲಿ ಬಂದಾಗ ಮಾತ್ರ ನಮ್ಮದು ಸಂಸಾರ. ಪೂರ್ತಿಯಾಗಿ ಊರಿಗೆ ಬಂದು ಎರಡು ವರ್ಷವಾಗುವುದರೊಳಗೆ ಗ್ಯಾಸ್ ಆರಿಸುವುದನ್ನು ಮರೆತರು, ಆಮೇಲೆ ಮನೆಯ ದಾರಿಯನ್ನೇ ಮರೆತರು. ಮನೆಯೊಳಗೆ ಕೂತರೆ ಚಡಪಡಿಕೆ, ಸಿಟ್ಟು. ನಡೆದರೆ ಮಾತ್ರ ಸಮಾಧಾನ. ಕಾರ್ಕಳದ ಆಚೆ ಮೊದಲ ಸಲ ತಂಡದ ಜೊತೆ ಗುಡ್ಡ ಹತ್ತಿದ ದಿನ, ಮುಂದಿನವರ ಬೆನ್ನು ನೋಡಿಕೊಂಡು ನಡೆಯುತ್ತಾ ಅವರು ತಿರುಗಿ ನನ್ನನ್ನು ನೋಡಿ ನಕ್ಕರು. ಅದಾದ ಮೇಲೆ ನನಗೆ ನಿಜ ಹೇಳುವ ಧೈರ್ಯ ಬರಲಿಲ್ಲ. ಹೇಳಿದರೆ ತಂಡದವರು ಬೇಡ ಎನ್ನುತ್ತಾರೆ. ಬೇಡ ಎಂದರೆ ನಮಗೆ ಬೇರೆ ಏನೂ ಇರಲಿಲ್ಲ.

ಐದು ಚಾರಣ ಹಾಗೆಯೇ ಕಳೆಯಿತು. ತಂಡದವರು ಅವರನ್ನು ‘ಅಣ್ಣ’ ಎನ್ನುತ್ತಿದ್ದರು, ಮಾತು ಕಡಿಮೆಯ ಮನುಷ್ಯ ಎಂದುಕೊಂಡಿದ್ದರು.

ಆರನೆಯದರಲ್ಲಿ, ಘಟ್ಟದಿಂದ ಇಳಿಯುವಾಗ, ನನಗೆ ಮೂತ್ರಕ್ಕೆ ಹೋಗಬೇಕಾಯಿತು. ನಾವಿಬ್ಬರೇ ಕೊನೆಯಲ್ಲಿದ್ದೆವು. ಅವರ ಕೈಯನ್ನು ಒಂದು ಮರಕ್ಕೆ ಒತ್ತಿ ಹಿಡಿಸಿ, “ಇದನ್ನು ಬಿಡಬೇಡಿ, ಈಗ ಬಂದೆ” ಎಂದೆ. ತಲೆಯಾಡಿಸಿದರು. ಪೊದೆಯ ಹಿಂದಿನಿಂದ ಬರುವಾಗ ಮರ ಮಾತ್ರ ಇತ್ತು.

ಆಗ ನಾನು ಮಾಡಿದ್ದನ್ನು ಇಷ್ಟರವರೆಗೆ ಯಾರಿಗೂ ಹೇಳಿಲ್ಲ. ನಾನು ಕೂಗಲಿಲ್ಲ. ಕೂಗಿದರೆ ತಂಡಕ್ಕೆ ಗೊತ್ತಾಗುತ್ತದಲ್ಲ ಎಂದು ಬಾಯಿ ಮುಚ್ಚಿಕೊಂಡು ಒಬ್ಬಳೇ ಆಚೆ ಈಚೆ ಓಡಿದೆ. ಹತ್ತು ನಿಮಿಷವೋ ಹದಿನೈದೋ. ಮಂಜು ಇಳಿಯತೊಡಗಿತು, ಹತ್ತು ಮಾರು ಆಚೆಯ ಹುಲ್ಲು ಕಾಣದಾಯಿತು. ಆಮೇಲೆ ಕೂಗಿದೆ. ನನ್ನ ಸ್ವರ ನನಗೇ ಗುರುತು ಸಿಗದ ಹಾಗಿತ್ತು.

ತಂಡದ ಮುಖ್ಯಸ್ಥರು ಕಾಪುವಿನ ಒಬ್ಬ ಎಲೆಕ್ಟ್ರಿಷಿಯನ್. ಓಡಿ ಬಂದು ಕೇಳಿದರು: “ಎಂತ ಆಯಿತು ಟೀಚರ್? ಅಣ್ಣ ಕಾಣುತ್ತಿಲ್ಲವಾ? ಕೂಗಿದರೆ ಓಗೊಡುತ್ತಾರಲ್ವಾ?”

“ಹೇಳಲಿಕ್ಕಾಗುವುದಿಲ್ಲ. ಹೆದರಿದರೆ ಅಡಗಿ ಕೂರುತ್ತಾರೆ.”

“ಅಡಗುವುದಾ? ಯಾಕೆ?”

ಹೇಳಿದೆ. ಎಲ್ಲರೂ ನನ್ನನ್ನೇ ನೋಡಿದರು. ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮೂವರು ಮೂವರಾಗಿ ಹುಡುಕಿದರು. ನಾನು ಮುಖ್ಯಸ್ಥರ ಹಿಂದೆ ಇಳಿಜಾರಿನಲ್ಲಿ ಜಾರುತ್ತಾ, ಏಳುತ್ತಾ ಹೋದೆ. ದೇವರಿಗೆ ಹರಕೆ ಹೇಳಿಕೊಂಡೆ, ಆ ದೇವರನ್ನೇ ಬೈದೆ. ಇದರ ನಡುವೆ ಒಂದು ಕ್ಷಣ, ಸಿಗದೇ ಹೋದರೆ ನಾನೂ ಒಂದು ರಾತ್ರಿ ನಿದ್ದೆ ಮಾಡಬಹುದು ಎಂಬ ಯೋಚನೆ ಬಂತು. ಬಂದದ್ದು ಹೌದು. ಕಲ್ಲಿನ ಮೇಲೆ ಕೂತುಬಿಟ್ಟೆ.

“ಏಳಿ ಟೀಚರ್, ಏಳಿ,” ಎಂದು ಮುಖ್ಯಸ್ಥರು ನನ್ನ ತೋಳು ಹಿಡಿದು ಎಬ್ಬಿಸಿದರು. “ಮಳೆ ಬಂದರೆ ಮತ್ತೆ ಕಷ್ಟ ಉಂಟು.”

ಮೂರು ಗಂಟೆಯ ಹುಡುಕಾಟದ ನಂತರ, ಕೆಳಗಿನ ತೊರೆಯ ನಡುವಿನ ಬಂಡೆಯ ಮೇಲೆ ನನ್ನ ಗಂಡ ಕಂಡರು. ಶೂ ಬಿಚ್ಚಿ ಜೋಡಿಸಿ ಇಟ್ಟಿದ್ದರು. ಬಲಗಾಲಿನ ಮಣಿಗಂಟು ಊದಿಕೊಂಡಿತ್ತು, ಮೊಣಕಾಲಿನವರೆಗೆ ಜಿಗಣೆ. ನಾನು ನೀರಿನೊಳಗೆ ಓಡಿ ಹೋಗಿ ಅವರ ಮುಖ ಹಿಡಿದೆ. ಮದುವೆಯಾದಂದಿನಿಂದ ನಮ್ಮಿಬ್ಬರ ನಡುವೆ ತುಳು ಬಿಟ್ಟು ಬೇರೆ ಮಾತಿಲ್ಲ. ಅವರು ನನ್ನ ಕೈ ಮೆಲ್ಲನೆ ಸರಿಸಿ ಹಿಂದಿಯಲ್ಲಿ, ಗಲ್ಫಿನಲ್ಲಿ ಅಪರಿಚಿತರ ಹತ್ತಿರ ಮಾತನಾಡುತ್ತಿದ್ದ ಹಿಂದಿಯಲ್ಲಿ, ತುಂಬಾ ಮರ್ಯಾದೆಯಿಂದ ಹೇಳಿದರು: ನನ್ನ ಹೆಂಡತಿ ಮೇಲೆ ಒಬ್ಬಳೇ ಇದ್ದಾಳೆ, ಅವಳಿಗೆ ಹೆದರಿಕೆಯಾಗುತ್ತದೆ, ಯಾರಾದರೂ ಹೋಗಿ ಹೇಳುತ್ತೀರಾ?

“ಹೇಳುತ್ತೇವೆ ಅಣ್ಣ,” ಎಂದರು ಮುಖ್ಯಸ್ಥರು. ನಾನು ಬಗ್ಗಿ ಅವರ ಕಾಲಿನ ಜಿಗಣೆ ಕೀಳತೊಡಗಿದೆ.

ಎರಡು ಬಿದಿರಿನ ಗಳ ಕಡಿದು, ಯಾರದೋ ಚೀಲದಲ್ಲಿದ್ದ ಬೆಡ್‌ಶೀಟ್ ಕಟ್ಟಿ, ಸರದಿಯಲ್ಲಿ ಹೊತ್ತು ಇಳಿಸಿದರು. ವ್ಯಾನಿನ ಹತ್ತಿರ ಮುಖ್ಯಸ್ಥರು ನನ್ನನ್ನು ಬದಿಗೆ ಕರೆದರು.

“ಫಾರ್ಮಿನಲ್ಲಿ ಬರೆಯಬೇಕಿತ್ತು ಟೀಚರ್. ಬರೆದಿದ್ದರೆ ಅಣ್ಣನ ಪಕ್ಕದಲ್ಲಿ ಒಬ್ಬರನ್ನು ಹಾಕುತ್ತಿದ್ದೆ.”

“ಬರೆದಿದ್ದರೆ ಕರೆದುಕೊಂಡು ಹೋಗುತ್ತಿದ್ದಿರಾ?”

ಅವರು ಸುಳ್ಳು ಹೇಳುವವರಲ್ಲ. ತಲೆ ತಗ್ಗಿಸಿ ಬಾಟಲಿಯ ಮುಚ್ಚಳ ತಿರುಗಿಸುತ್ತಾ ನಿಂತರು. ವಾಟ್ಸಾಪ್ ಗುಂಪಿನಿಂದ ಮರುದಿನ ನಾನೇ ಹೊರಗೆ ಬಂದೆ.

ಕಾಲು ವಾಸಿಯಾಯಿತು. ತಲೆಯಲ್ಲಿ ಅಳಿಯುತ್ತಿರುವುದಕ್ಕೆ ಮದ್ದಿಲ್ಲ ಎಂದು ಡಾಕ್ಟರ್ ಸ್ಪಷ್ಟವಾಗಿ ಹೇಳಿದ್ದಾರೆ. ನಾನು ಸಂಬಳವಿಲ್ಲದ ರಜೆ ಹಾಕಿ ಮನೆಯಲ್ಲಿದ್ದೇನೆ. ಕಳೆದ ಭಾನುವಾರ ಅವರು ಗೇಟಿನ ಸರಳು ಹಿಡಿದು ಅಲುಗಿಸುತ್ತಲೇ ಇದ್ದರು. ನೋಡಲಾಗದೆ ಬೀಗ ತೆಗೆದು, ಕೈ ಹಿಡಿದು ಸ್ವರ್ಣಾ ನದಿಯ ಬದಿಗೆ ಹೋದೆ. ಎರಡು ಗಂಟೆ ನಡೆದೆವು. ಸಾಕು, ಮನೆಗೆ ಹೋಗುವ ಎಂದರೆ ಕೇಳಲಿಲ್ಲ, ನನ್ನನ್ನು ಎಳೆದುಕೊಂಡೇ ನಡೆದರು. ಬೇಡಿಕೊಂಡೆ, ಗದರಿಸಿದೆ, ಕೊನೆಗೆ ರಸ್ತೆಯ ಬದಿಯಲ್ಲೇ ಕೂತು ಅತ್ತೆ. ಅವರು ನಿಂತು ನೋಡಿದರು. ಸ್ವಲ್ಪ ಹೊತ್ತಿನ ಮೇಲೆ ಪಕ್ಕದಲ್ಲಿ ಕೂತರು.